ತೆಳುಗೆರೆಯ ಸೆರಿಫ್ ಅಕ್ಷರವನ್ನು ಕನ್ನಡದ ಜೊತೆ ಅಚ್ಚಿಗೆ ಇಳಿಸುವ ಕ್ರಮ

ಹುಬ್ಬಳ್ಳಿ-ಧಾರವಾಡದ ಡಿಟಿಪಿ ಅಂಗಡಿಗಳಲ್ಲಿಯೂ ಮುದ್ರಣ ಕಾಶಿ ಎಂದು ಹೆಸರಾದ ಗದಗಿನ ಮುದ್ರಣಾಲಯಗಳಲ್ಲಿಯೂ ಗಿರಾಕಿಗಳು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ ‘ಇಂಥಾ ಅಕ್ಷರ ಹಾಕ್ರಿ’ ಎಂದು ಕೇಳುವುದು ಈಗ ಸಾಮಾನ್ಯವಾಗಿದೆ. ಆ ಚಿತ್ರದಲ್ಲಿ ಬಹುಮಟ್ಟಿಗೆ ಇರುವುದು ತೀರ ತೆಳುವಾದ ಗೆರೆಗಳೂ ಚೂಪಾದ ಪಾದಗಳೂ ಉಳ್ಳ ಇಂಗ್ಲಿಷ್ ಸೆರಿಫ್ ಅಕ್ಷರ. ಮೊಬೈಲಿನ ಪರದೆಯ ಮೇಲೆ ಅಂದವಾಗಿ ಕಂಡ ಅದೇ ಅಕ್ಷರ ಲಗ್ನಪತ್ರಿಕೆಯ ಒರಟು ಕಾಗದದ ಮೇಲೆ ಅರ್ಧ ಅಳಿಸಿದಂತೆ ಬರುತ್ತದೆ. ಪಕ್ಕದ ಕನ್ನಡ ಅಕ್ಷರಗಳು ದಪ್ಪವಾಗಿ ಎದ್ದು ನಿಂತು ಎರಡೂ ಒಂದೇ ಪತ್ರಿಕೆಗೆ ಸೇರಿದವಲ್ಲವೇನೋ ಎನ್ನಿಸುತ್ತದೆ. ಇಂಥ ಅಕ್ಷರದ ಚೆಲುವೆಲ್ಲ ಅದರ ತೆಳುಗೆರೆಯಲ್ಲಿರುವುದರಿಂದ, ಅಳತೆ, ಕಾಗದ ಮತ್ತು ಶಾಯಿ ಮೂರೂ ಆ ಗೆರೆಯನ್ನು ಉಳಿಸುವಂತಿವೆಯೇ ಎಂದು ಮೊದಲು ನೋಡಿ ಅನಂತರ ಫಾಂಟನ್ನು ಆರಿಸಬೇಕು. ಈ ಲೇಖನದಲ್ಲಿ ಉದಾಹರಣೆಗೆಂದು ಕಾರ್ಮೊರೆಂಟ್ ಎಂಬ ಫಾಂಟನ್ನು ಇಟ್ಟುಕೊಂಡಿದ್ದೇನೆ. ಅದು ಉಚಿತವಾಗಿ ಸಿಗುತ್ತದೆ, ಲಗ್ನಪತ್ರಿಕೆಗಳಲ್ಲಿ ಧಾರಾಳವಾಗಿ ಬಳಕೆಯಾಗುತ್ತಿದೆ, ಮತ್ತು ಈ ಬಗೆಯ ಅಕ್ಷರಗಳ ಗುಣದೋಷಗಳೆರಡೂ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಹಂತ 1: ಅಕ್ಷರದ ರಚನೆಯನ್ನು ಓದಿಕೊಳ್ಳಿ

ಕಾರ್ಮೊರೆಂಟನ್ನು ರಚಿಸಿದವರು ಕ್ರಿಶ್ಚಿಯನ್ ಥಾಲ್ಮನ್. 2015ರಲ್ಲಿ ಹೊರಬಂದ ಈ ಫಾಂಟಿಗೆ ಪ್ರೇರಣೆ 16ನೆಯ ಶತಮಾನದ ಪ್ಯಾರಿಸಿನಲ್ಲಿ ಅಚ್ಚಿನ ಮೊಳೆಗಳನ್ನು ಕೊರೆದ ಕ್ಲೋಡ್ ಗ್ಯಾರಮಾಂಡ್‌ನ ಅಕ್ಷರಗಳು. ಅದನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ಮೂರು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಲಂಬ ಗೆರೆಗಳಿಗೂ ಅವನ್ನು ಕೂಡಿಸುವ ಅಡ್ಡ ಗೆರೆಗಳಿಗೂ ದಪ್ಪದಲ್ಲಿ ಬಹಳ ಅಂತರವಿದೆ. ಕಂಬಗಳ ತುದಿಯಲ್ಲಿ ಚಾಚಿಕೊಂಡ ಪುಟ್ಟ ಪಾದಗಳು, ಅಂದರೆ ಸೆರಿಫ್‌ಗಳು, ಮುಳ್ಳಿನ ಹಾಗೆ ಚೂಪಾಗಿವೆ. ಇಂಗ್ಲಿಷಿನ ಚಿಕ್ಕಕ್ಷರಗಳ ಒಡಲು ಗಿಡ್ಡ. ‘ಬಿ’, ‘ಡಿ’, ‘ಎಲ್’ಗಳ ಕಂಬಗಳು ಮಾತ್ರ ಅದರ ಮೇಲೆ ಬಹಳ ಎತ್ತರಕ್ಕೆ ಏರುತ್ತವೆ. ಈ ಮೂರನೆಯ ಗುಣದಿಂದಲೇ ಅಕ್ಷರಕ್ಕೆ ನೀಳವಾದ ಠೀವಿ ಬಂದಿದೆ, ಮತ್ತು ಇದೇ ಕಾರಣದಿಂದ 12 ಪಾಯಿಂಟ್ ಅಳತೆಯ ಕಾರ್ಮೊರೆಂಟ್ ಅದೇ 12 ಪಾಯಿಂಟಿನ ಟೈಮ್ಸ್ ನ್ಯೂ ರೋಮನ್‌ಗಿಂತ ಚಿಕ್ಕದಾಗಿ ಕಾಣುತ್ತದೆ.

ಸೆರಿಫ್ ಅಕ್ಷರಗಳೆಲ್ಲ ಇಷ್ಟು ಸೂಕ್ಷ್ಮವಲ್ಲ. ಗ್ಯಾರಮಾಂಡ್ ವಂಶದ ಮೂಲ ಅಕ್ಷರಗಳಲ್ಲಿ ಪಾದವು ಕಂಬಕ್ಕೆ ಮೃದುವಾದ ಬಾಗಿನಿಂದ ಕೂಡಿಕೊಳ್ಳುತ್ತದೆ, ದಪ್ಪ-ತೆಳುಗಳ ಅಂತರವೂ ಹಿತವಾಗಿರುತ್ತದೆ. 18ನೆಯ ಶತಮಾನದ ಕೊನೆಯಲ್ಲಿ ಇಟಲಿಯ ಪಾರ್ಮಾದಲ್ಲಿ ಬೊಡೋನಿ, ಪ್ಯಾರಿಸಿನಲ್ಲಿ ಡಿಡೋ ಮನೆತನದವರು ರೂಪಿಸಿದ ಅಕ್ಷರಗಳಲ್ಲಿ ಪಾದವೆಂಬುದು ನೇರವಾದ ಒಂದು ಸಣ್ಣ ಗೆರೆ ಮಾತ್ರ. ಇವೆರಡರ ನಡುವೆ ಬರುವವನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಜಾನ್ ಬ್ಯಾಸ್ಕರ್‌ವಿಲ್, ಮತ್ತು ನಮ್ಮ ಮಾತಿಗೆ ಅವನ ಉದಾಹರಣೆಯೇ ಹೆಚ್ಚು ಪ್ರಸ್ತುತ. 1757ರಲ್ಲಿ ವರ್ಜಿಲ್ ಕವಿಯ ಕಾವ್ಯವನ್ನು ಅಚ್ಚುಹಾಕುವಾಗ ಅವನು ಹೊಸ ಅಕ್ಷರವನ್ನಷ್ಟೇ ಮಾಡಿಸಲಿಲ್ಲ. ಶಾಯಿಯನ್ನು ಇನ್ನಷ್ಟು ಕಪ್ಪಾಗಿಸಿದ, ನಯವಾದ ಕಾಗದವನ್ನು ಬಳಸಿದ, ಅಚ್ಚಾದ ಹಾಳೆಗಳನ್ನು ಬಿಸಿ ಫಲಕಗಳ ನಡುವೆ ಒತ್ತಿ ಇನ್ನೂ ನಯಗೊಳಿಸಿದ. ತೆಳುಗೆರೆಯ ಅಕ್ಷರ ಬೇಕೆಂದರೆ ಕಾಗದವನ್ನೂ ಶಾಯಿಯನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕೆಂಬುದು ಅವನ ಕಾಲಕ್ಕೇ ಗೊತ್ತಿದ್ದ ವಿಷಯ.

ಸೀಸದ ಮೊಳೆಗಳ ಕಾಲದಲ್ಲಿ ಪ್ರತಿಯೊಂದು ಅಳತೆಗೂ ಬೇರೆಬೇರೆಯಾಗಿ ಅಕ್ಷರ ಕೊರೆಯುತ್ತಿದ್ದರು. 8 ಪಾಯಿಂಟಿನ ಮೊಳೆಯಲ್ಲಿ ತೆಳುಗೆರೆಯನ್ನು ತುಸು ದಪ್ಪ ಮಾಡಿ, ಹೊಟ್ಟೆಯನ್ನು ತುಸು ಅಗಲ ಮಾಡಿ, ಅಂತರವನ್ನು ಸಡಿಲಿಸುತ್ತಿದ್ದರು. ಗಣಕದಲ್ಲಿ ಸಾಮಾನ್ಯವಾಗಿ ಒಂದೇ ರೇಖಾರೂಪ ಎಲ್ಲ ಅಳತೆಗಳಿಗೂ ಹಿಗ್ಗುತ್ತದೆ, ಕುಗ್ಗುತ್ತದೆ. ಕಾರ್ಮೊರೆಂಟನ್ನು ದೊಡ್ಡ ಅಳತೆಗೆಂದೇ ರೂಪಿಸಿರುವುದರಿಂದ ಅದನ್ನು 9 ಪಾಯಿಂಟಿಗೆ ಕುಗ್ಗಿಸಿದಾಗ ತೆಳುಗೆರೆಯನ್ನು ಕಾಯುವವರು ಯಾರೂ ಇರುವುದಿಲ್ಲ.

ಹಂತ 2: ತೆಳುಗೆರೆಯ ಲೆಕ್ಕ ಹಾಕಿ

ಒಂದು ಪಾಯಿಂಟ್ ಎಂದರೆ ಅಂಗುಲದ 72ನೆಯ ಒಂದು ಭಾಗ, ಅಂದರೆ ಸುಮಾರು 0.353 ಮಿ.ಮೀ. ಫಾಂಟಿನ ಚೌಕವನ್ನು 1000 ಭಾಗ ಮಾಡಿದಾಗ ಅತಿ ತೆಳುವಾದ ಗೆರೆ 20 ಭಾಗದಷ್ಟಿದೆ ಎಂದು ಇಟ್ಟುಕೊಳ್ಳೋಣ. 10 ಪಾಯಿಂಟಿನಲ್ಲಿ ಆ ಗೆರೆ 0.2 ಪಾಯಿಂಟ್, ಅಂದರೆ 0.07 ಮಿ.ಮೀ. ಆಗುತ್ತದೆ, 24 ಪಾಯಿಂಟಿನಲ್ಲಿ 0.48 ಪಾಯಿಂಟ್, ಅಂದರೆ ಸುಮಾರು 0.17 ಮಿ.ಮೀ. ಒಳ್ಳೆಯ ಆಫ್‌ಸೆಟ್ ಯಂತ್ರದಲ್ಲಿ ನುಣುಪಾದ ಆರ್ಟ್ ಪೇಪರಿನ ಮೇಲೆ 0.25 ಪಾಯಿಂಟಿನ ಕಪ್ಪು ಗೆರೆ ನಿಲ್ಲುತ್ತದೆ. ಸ್ಕ್ರೀನ್ ಪ್ರಿಂಟಿಂಗಿಗೂ ಬಂಗಾರದ ಬಣ್ಣದ ತೆಳು ಹಾಳೆಯನ್ನು ಒತ್ತುವ ಗೋಲ್ಡ್ ಫಾಯಿಲಿಗೂ 0.5 ಪಾಯಿಂಟಿಗಿಂತ ಕಡಿಮೆ ಇರುವ ಗೆರೆಯನ್ನು ನಂಬಬಾರದು. ಕಾಗದ ಒರಟಾಗಿದ್ದರೆ ಇನ್ನೂ ಹೆಚ್ಚು ಬೇಕು.

ನಿಮ್ಮ ಅಕ್ಷರದ ನಿಜವಾದ ಗೆರೆಯನ್ನು ಅಳೆಯುವುದು ಕಷ್ಟದ ಕೆಲಸವಲ್ಲ. ಕೋರೆಲ್‌ಡ್ರಾದಲ್ಲಿ ಬೇಕಾದ ಅಳತೆಯಲ್ಲಿಯೇ ಇಂಗ್ಲಿಷಿನ ಚಿಕ್ಕ ‘ಇ’ ಅಕ್ಷರವನ್ನು ಟೈಪಿಸಿ, ಕರ್ವ್ ಮಾಡಿ (ಅಂದರೆ ಅಕ್ಷರವನ್ನು ಬರಿಯ ರೇಖಾಚಿತ್ರವಾಗಿ ಬದಲಿಸಿ), ಅದರ ನಡುವಿನ ಅಡ್ಡಗೆರೆಯನ್ನು ಅಳೆಯಿರಿ. ಬಹುತೇಕ ಸೆರಿಫ್ ಅಕ್ಷರಗಳಲ್ಲಿ ಮೊದಲು ಮಾಯವಾಗುವುದು ಆ ಗೆರೆಯೇ.

ಹಂತ 3: ಪರೀಕ್ಷೆಗೆ ನಮ್ಮ ಊರುಗಳ ಹೆಸರುಗಳನ್ನೇ ಬಳಸಿ

ಫಾಂಟಿನ ಮಾದರಿ ಪುಟದಲ್ಲಿರುವ ಇಂಗ್ಲಿಷ್ ವಾಕ್ಯಗಳನ್ನು ನೋಡಿ ತೀರ್ಮಾನಿಸಬೇಡಿ. ಇಂಗ್ಲಿಷಿನಲ್ಲಿ ಹುಬ್ಬಳ್ಳಿ ಎಂದು ಟೈಪಿಸಿ ನೋಡಿ: ಎರಡು ‘ಬಿ’, ಎರಡು ‘ಎಲ್’, ಕೊನೆಗೊಂದು ‘ಐ’. ಚಿಕ್ಕ ಅಳತೆಯಲ್ಲಿ ತೆಳುಗೆರೆಗಳು ಬಿದ್ದುಹೋದರೆ ಈ ಹೆಸರು ಬೇಲಿಯ ಗೂಟಗಳಂತೆ ಸಾಲಾಗಿ ನಿಂತ ಕಂಬಗಳಷ್ಟೇ ಆಗಿ ಉಳಿಯುತ್ತದೆ. ಬೊಡೋನಿ ಬಗೆಯ ಅಕ್ಷರಗಳಲ್ಲಿ ಈ ತೊಂದರೆ ಹೆಚ್ಚು. ಧಾರವಾಡ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದಾಗ ನಡುವೆ ಬರುವ ‘ಆರ್’, ‘ಡಬ್ಲ್ಯು’, ‘ಎ’ಗಳ ಅಂತರವನ್ನು ನೋಡಿ. ಅಲ್ಲಿ ಸಂದು ಬಿಟ್ಟಂತೆ ಕಂಡರೆ ಕರ್ನಿಂಗ್, ಅಂದರೆ ಜೋಡಿ ಅಕ್ಷರಗಳ ನಡುವಿನ ಅಂತರವನ್ನು ಹೊಂದಿಸುವ ಸೌಲಭ್ಯ, ಚಾಲೂ ಇದೆಯೇ ಎಂದು ಪರೀಕ್ಷಿಸಿ, ದೊಡ್ಡ ಶೀರ್ಷಿಕೆಯಾದರೆ ಕೈಯಿಂದಲೇ ಸರಿಪಡಿಸಿ.

ಕನ್ನಡದ ಪರೀಕ್ಷೆಗೆ ಇದಕ್ಕಿಂತ ಕಠಿಣವಾದ ಹೆಸರುಗಳು ನಮ್ಮಲ್ಲಿವೆ. ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ಒಂದೇ ಅಕ್ಷರಕ್ಕೆ ಷಕಾರ, ಮಕಾರ ಎರಡೂ ಒತ್ತಾಗಿ ಬರುತ್ತವೆ. ಜೊತೆಗೆ ಏತ್ವವೂ ಅದರ ದೀರ್ಘವೂ ಇವೆ. ಈ ಹೆಸರಿನ ಮೇಲೊಂದು ಕೆಳಗೊಂದು ಸಾಲಿಟ್ಟು ನೋಡಿದರೆ ಸಾಲುಗಳ ನಡುವಿನ ಅಂತರ ಸಾಕೋ ಸಾಲದೋ ತಕ್ಷಣ ತಿಳಿಯುತ್ತದೆ. ಹುಬ್ಬಳ್ಳಿಯ ಕಡೆಯ ಲಗ್ನಪತ್ರಿಕೆಗಳ ನೆತ್ತಿಯ ಮೇಲೆ ಕಾಣುವ ‘ಶ್ರೀ ಸಿದ್ಧಾರೂಢ ಪ್ರಸನ್ನ’ ಎಂಬ ಸಾಲು ಇನ್ನೂ ಒಳ್ಳೆಯ ಪರೀಕ್ಷೆ. ‘ದ್ಧಾ’ದಲ್ಲಿ ಒತ್ತಾಗಿ ಬಂದ ಧಕಾರದ ಕೆಳಗಿನ ಸೀಳು ಎಷ್ಟು ಸಣ್ಣದೆಂದರೆ, ಶಾಯಿ ತುಸು ಹರಡಿದರೂ ಅದು ಮುಚ್ಚಿಹೋಗಿ ದಕಾರದ ಒತ್ತೇ ಆಗಿ ಕಾಣುತ್ತದೆ; ‘ಢ’ವೂ ‘ಡ’ ಆಗಿಬಿಡಬಹುದು. ಆ ಸೀಳು ಕಾಗದದ ಮೇಲೆ ತೆರೆದು ಕಂಡರೆ ಮಾತ್ರ ಆ ಅಳತೆ ಆ ಕೆಲಸಕ್ಕೆ ಸರಿ.

ಪರೀಕ್ಷೆಯ ಪ್ರತಿಯನ್ನು ಕೊನೆಗೆ ಅಚ್ಚಾಗುವ ಅಳತೆಯಲ್ಲಿಯೇ, ಆದಷ್ಟು ಅದೇ ಕಾಗದದ ಮೇಲೆ ತೆಗೆಯಿರಿ. ಲೇಸರ್ ಪ್ರಿಂಟರಿನ ಟೋನರ್ ಗೆರೆಯನ್ನು ತುಸು ದಪ್ಪವಾಗಿಯೇ ತೋರಿಸುತ್ತದೆ. ಅದನ್ನು ನಂಬಿ ಫಾಯಿಲಿಗೆ ಕೊಟ್ಟರೆ ಫಲಿತಾಂಶ ಬೇರೆಯೇ ಆಗುತ್ತದೆ.

ಹಂತ 4: ಕನ್ನಡವನ್ನು ಮೊದಲು ಆರಿಸಿ, ಇಂಗ್ಲಿಷನ್ನು ಅದಕ್ಕೆ ಹೊಂದಿಸಿ

ಕಾರ್ಮೊರೆಂಟಿನಲ್ಲಿ ಕನ್ನಡವಿಲ್ಲ. ಆದ್ದರಿಂದ ಜೊತೆಗೊಂದು ಕನ್ನಡ ಫಾಂಟ್ ಬೇಕೇ ಬೇಕು, ಮತ್ತು ಆಯ್ಕೆಯನ್ನು ಅಲ್ಲಿಂದಲೇ ಆರಂಭಿಸುವುದು ಲೇಸು, ಏಕೆಂದರೆ ನಮ್ಮ ಪತ್ರಿಕೆಯಲ್ಲಿ ಹೆಚ್ಚು ಸಾಲುಗಳು ಕನ್ನಡದವೇ. ಕನ್ನಡ ಅಕ್ಷರಕ್ಕೆ ಲ್ಯಾಟಿನ್ ಲಿಪಿಯ ಹಾಗೆ ಪಾದಗಳಿಲ್ಲ. ಅತ್ತಿಮಬ್ಬೆಯ ಬಸದಿಯ ವಿಷಯ ಹೇಳುವ ಲಕ್ಕುಂಡಿಯ 1007ರ ಶಾಸನದ ಕಾಲಕ್ಕಾಗಲೇ ನಮ್ಮ ಲಿಪಿ ದುಂಡಗಾಗಿತ್ತು. ಕನ್ನಡದಲ್ಲಿ ಸೆರಿಫ್ ಎಂದು ಕರೆಸಿಕೊಳ್ಳುವ ಫಾಂಟುಗಳೆಂದರೆ ದುಂಡು ಗೆರೆ ತಿರುಗುವಾಗ ದಪ್ಪ-ತೆಳುವಾಗುವ, ತಲೆಕಟ್ಟಿನ ತುದಿ ಚೂಪಾಗುವ ಫಾಂಟುಗಳು ಅಷ್ಟೆ. ಪ್ರಾಸಂಗಿಕವಾಗಿ ಹೇಳುವುದಾದರೆ, ‘ಹುಬ್ಬಳ್ಳಿ’ ಎಂಬ ಹೆಸರಿನದೇ ಒಂದು ಉಚಿತ ಕನ್ನಡ ಫಾಂಟ್ ಇದೆ. ಹೆಸರು ನಮ್ಮೂರಿನದಾದರೂ ಅದರ ಗೆರೆ ಉದ್ದಕ್ಕೂ ಒಂದೇ ದಪ್ಪ. ಕಾರ್ಮೊರೆಂಟಿನ ಜೊತೆ ಅದು ಹೊಂದುವುದಿಲ್ಲ.

ಹೊಂದುವಂಥವುಗಳಲ್ಲಿ ಸುಲಭವಾಗಿ ಸಿಗುವವು ಎರಡು. ಟೀರೋ ಕನ್ನಡ ಎಂಬುದು, 2015ರಿಂದ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಕಾಶನದಿಂದ ಹೊರಬರುತ್ತಿರುವ ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಪುಸ್ತಕಗಳಿಗಾಗಿ ಸಿದ್ಧವಾದ ಅಕ್ಷರಗಳಿಂದ ಬಂದದ್ದು. ದೀರ್ಘ ಓದಿಗೆ ಹೇಳಿಮಾಡಿಸಿದ ಫಾಂಟ್ ಅದು. ನನ್ನ ಮೆಚ್ಚುಗೆಯೂ ಅದಕ್ಕೇ. ಆದರೆ ಅದರಲ್ಲಿ ಬೋಲ್ಡ್ ಇಲ್ಲ. ಬೋಲ್ಡ್ ಗುಂಡಿ ಒತ್ತಿದರೆ ತಂತ್ರಾಂಶ ತಾನೇ ಗೆರೆಗಳನ್ನು ಉಬ್ಬಿಸಿ ಕೊಡುವ ನಕಲಿ ಬೋಲ್ಡ್ ಬರುತ್ತದೆ, ಒತ್ತಕ್ಷರಗಳ ಹೊಟ್ಟೆ ಮುಚ್ಚಿಹೋಗುತ್ತದೆ. ಒತ್ತಿ ಹೇಳಬೇಕಾದಲ್ಲಿ ಅಳತೆಯನ್ನು ಹೆಚ್ಚಿಸಿ ಇಲ್ಲವೇ ಬಣ್ಣವನ್ನು ಬದಲಿಸಿ. ನೋಟೋ ಸೆರಿಫ್ ಕನ್ನಡದಲ್ಲಿ ತೆಳುವಿನಿಂದ ಅತಿ ದಪ್ಪದವರೆಗೆ ಎಲ್ಲ ತೂಕಗಳೂ ಇರುವುದರಿಂದ ಶೀರ್ಷಿಕೆಗಳಿರುವ ಕೆಲಸಕ್ಕೆ ಅದು ಅನುಕೂಲ.

ಇನ್ನು ಜೋಡಿಸುವ ಕ್ರಮ. ಕನ್ನಡದ ‘ಗ’ವನ್ನೂ ಇಂಗ್ಲಿಷಿನ ಚಿಕ್ಕ ‘ಎಕ್ಸ್’ ಅಕ್ಷರವನ್ನೂ ಒಂದೇ ಸಾಲಿನಲ್ಲಿ ಪಕ್ಕಪಕ್ಕದಲ್ಲಿಟ್ಟು ದೊಡ್ಡದು ಮಾಡಿ. ಕಾರ್ಮೊರೆಂಟಿನ ಒಡಲು ಗಿಡ್ಡವಾದ್ದರಿಂದ ‘ಎಕ್ಸ್’ ಬಹಳ ಕೆಳಗುಳಿಯುತ್ತದೆ. ಎರಡನ್ನೂ ಸಮ ಮಾಡುವ ಅಗತ್ಯವಿಲ್ಲ, ಆದರೆ ಅಂತರ ಕಡಿಮೆಯಾಗಬೇಕು. ಕನ್ನಡ 12 ಪಾಯಿಂಟ್ ಇದ್ದರೆ ಕಾರ್ಮೊರೆಂಟನ್ನು 14ರಿಂದ ಆರಂಭಿಸಿ ನೋಡಿ. ಬಳಿಕ ಪ್ರಿಂಟ್ ತೆಗೆದು, ಹಾಳೆಯನ್ನು ತೋಳಿನಷ್ಟು ದೂರ ಹಿಡಿದು, ಕಣ್ಣು ಅರೆಮುಚ್ಚಿ ನೋಡಿ. ಇಂಗ್ಲಿಷ್ ಸಾಲು ಮಸುಕಾಗಿಯೂ ಕನ್ನಡದ ಸಾಲು ಕಪ್ಪಾಗಿಯೂ ಕಂಡರೆ ಇಂಗ್ಲಿಷಿನ ತೂಕವನ್ನು ರೆಗ್ಯುಲರ್‌ನಿಂದ ಮೀಡಿಯಂಗೆ, ಬೇಕಾದರೆ ಸೆಮಿಬೋಲ್ಡ್‌ಗೆ ಏರಿಸಿ. ಕಾರ್ಮೊರೆಂಟಿನ ಲೈಟ್ ತೂಕವನ್ನು ನಾನಂತೂ ಅಚ್ಚಿನ ಕೆಲಸಕ್ಕೆ ಶಿಫಾರಸು ಮಾಡುವುದಿಲ್ಲ.

ಈ ಕುಟುಂಬದಲ್ಲಿಯೇ ಕಾರ್ಮೊರೆಂಟ್ ಗ್ಯಾರಮಾಂಡ್, ಕಾರ್ಮೊರೆಂಟ್ ಇನ್ಫಂಟ್, ಅಪ್‌ರೈಟ್, ಎಸ್‌ಸಿ ಎಂಬ ಬೇರೆಬೇರೆ ಕವಲುಗಳಿವೆ. ಗ್ಯಾರಮಾಂಡ್ ಕವಲಿನಲ್ಲಿ ಅಕ್ಷರಗಳ ಹೊಟ್ಟೆ ತುಸು ದೊಡ್ಡದಾಗಿರುವುದರಿಂದ ನಮ್ಮ ಕೆಲಸಗಳಿಗೆ ಅದೇ ಮೇಲು.

ಹಂತ 5: ಅಂತರಗಳು

ಇಂಗ್ಲಿಷಿನ ಪುಸ್ತಕದಲ್ಲಿ 11 ಪಾಯಿಂಟಿನ ಅಕ್ಷರಕ್ಕೆ 14 ಪಾಯಿಂಟಿನ ಸಾಲು ಸಾಕಾಗುತ್ತದೆ. ಕನ್ನಡಕ್ಕೆ ಅದು ಸಾಲದು, ಏಕೆಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 12 ಪಾಯಿಂಟಿನ ಕನ್ನಡಕ್ಕೆ 17 ಅಥವಾ 18 ಪಾಯಿಂಟಿನ ಸಾಲು ಇಟ್ಟು, ಲಕ್ಷ್ಮೇಶ್ವರದ ಪರೀಕ್ಷೆ ಮಾಡಿ ನಿರ್ಧರಿಸಿ.

ಇಂಗ್ಲಿಷಿನ ದೊಡ್ಡಕ್ಷರಗಳ ಸಾಲನ್ನು, ಉದಾಹರಣೆಗೆ ವಧೂವರರ ಹೆಸರನ್ನು, ತುಸು ಬಿಡಿಸಿ ಹಾಕಿದರೆ ಸೆರಿಫ್ ಅಕ್ಷರದ ಅಂದ ಹೆಚ್ಚುತ್ತದೆ. ಅದೇ ಮೋಹದಿಂದ ಕನ್ನಡದ ಅಕ್ಷರಗಳನ್ನೂ ಬಿಡಿಸಲು ಹೋಗಬೇಡಿ. ದೀರ್ಘದ ಗುರುತು ತನ್ನ ಅಕ್ಷರದಿಂದ ದೂರ ಸರಿದು, ‘ಕೇ’ ಎಂಬುದು ‘ಕೆ’ಯೂ ಅನಾಥವಾದ ಒಂದು ಕೊಕ್ಕೆಯೂ ಆಗಿ ಒಡೆಯುತ್ತದೆ. ಹಾಗೆಯೇ ಕನ್ನಡವನ್ನು ಬಲಕ್ಕೆ ಓರೆ ಮಾಡಿ ಇಟಾಲಿಕ್ ಮಾಡುವ ರೂಢಿಯನ್ನೂ ಬಿಡುವುದು ಒಳ್ಳೆಯದು. ಇಕ್ಕಟ್ಟಾದ ಕಾಲಮ್ಮಿನಲ್ಲಿ ಎರಡೂ ಅಂಚು ಸಮ ಮಾಡಿದರೆ ಕನ್ನಡದ ಉದ್ದ ಪದಗಳ ನಡುವೆ ದೊಡ್ಡ ಕಂಡಿಗಳು ಬೀಳುತ್ತವೆ. ಅಲ್ಲಿ ಎಡ ಅಂಚನ್ನಷ್ಟೇ ಸಮವಾಗಿಡಿ.

ಅಂಕಿಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಲವು ಸೆರಿಫ್ ಫಾಂಟುಗಳಲ್ಲಿ, ಜಾರ್ಜಿಯಾ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ, 3, 4, 5, 7, 9 ಸಾಲಿನಿಂದ ಕೆಳಗಿಳಿಯುತ್ತವೆ, 6 ಮತ್ತು 8 ಮೇಲೇರುತ್ತವೆ. ಗದ್ಯದ ನಡುವೆ ಇಸವಿ ಬಂದಾಗ ಇದು ಸೊಗಸು. ಮೊಬೈಲ್ ಸಂಖ್ಯೆಯಲ್ಲಿ, ದರಪಟ್ಟಿಯಲ್ಲಿ, ಮುಹೂರ್ತದ ಗಂಟೆ-ನಿಮಿಷಗಳಲ್ಲಿ ತೊಡಕು. ಫಾಂಟಿನಲ್ಲಿ ಸಮ ಎತ್ತರದ ಅಂಕಿಗಳಿದ್ದರೆ ಅವನ್ನು ಆರಿಸಿ, ಇಲ್ಲದಿದ್ದರೆ ಅಂಕಿಗಳಿಗೆ ಕನ್ನಡ ಫಾಂಟನ್ನೇ ಬಳಸಿ. ರೂಪಾಯಿ ಚಿಹ್ನೆ ಬಂದದ್ದು 2010ರಲ್ಲಿ. ಅದಕ್ಕಿಂತ ಹಳೆಯ ಫಾಂಟುಗಳಲ್ಲಿ ಅದರ ಜಾಗದಲ್ಲಿ ಖಾಲಿ ಚೌಕ ಬರುತ್ತದೆ.

ಹಂತ 6: ಕೆಲಸಕ್ಕೆ ತಕ್ಕ ನಿರ್ಧಾರ

ಲಗ್ನಪತ್ರಿಕೆಯಲ್ಲಿ ತೆಳು ಸೆರಿಫ್ ಅಕ್ಷರಕ್ಕೆ ತಕ್ಕ ಸ್ಥಳಗಳು ಎರಡೇ: ಮುಖಪುಟದ ಹೆಸರುಗಳು ಮತ್ತು ದಿನಾಂಕದ ಸಾಲು. ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ಇರುವ ಬೀಗರಿಗಾಗಿ ಇಂಗ್ಲಿಷಿನಲ್ಲಿ ಹಾಕಿಸುವ ಈ ಹೆಸರುಗಳು 24 ಪಾಯಿಂಟಿಗಿಂತ ದೊಡ್ಡದಾಗಿರುವುದರಿಂದ ಫಾಯಿಲಿನಲ್ಲಿಯೂ ಸೆಮಿಬೋಲ್ಡ್ ಕಾರ್ಮೊರೆಂಟ್ ನಿಲ್ಲುತ್ತದೆ. ಒಳಗಿನ ‘ತಮ್ಮ ಸುಖಾಗಮನ ಬಯಸುವವರು’ ಎಂಬ ತಲೆಬರಹದ ಕೆಳಗೆ ಮೂರು ತಲೆಮಾರಿನವರ ಹೆಸರುಗಳು ಇಕ್ಕಟ್ಟಾಗಿ ಕೂರುತ್ತವೆ. ಹೆಸರು ಬಿಟ್ಟುಹೋದರೆ ಮನಸ್ತಾಪವಾಗುವುದರಿಂದ ಪಟ್ಟಿಯನ್ನು ಕಡಿಮೆ ಮಾಡಿ ಎಂದು ಯಾರಿಗೂ ಹೇಳುವ ಹಾಗಿಲ್ಲ. ಅಲ್ಲಿ ಅಕ್ಷರ ಅನಿವಾರ್ಯವಾಗಿ ಚಿಕ್ಕದಾಗುತ್ತದೆ. ಆದ್ದರಿಂದ ದಪ್ಪ-ತೆಳುಗಳ ಅಂತರ ಕಡಿಮೆ ಇರುವ ಕನ್ನಡ ಫಾಂಟನ್ನು, ಫಾಯಿಲಿನ ಬದಲು ಒಂದೇ ಗಾಢ ಬಣ್ಣದಲ್ಲಿ ಹಾಕಿಸಿ. ಆ ಬಣ್ಣ ಮರೂನೋ ಕಂದೋ ಆಗಿದ್ದರೆ ನಾಲ್ಕು ಬಣ್ಣಗಳನ್ನು ಬೆರೆಸಿ ಅದನ್ನು ತರಲು ಹೋಗಬೇಡಿ. ಪ್ಲೇಟುಗಳು ಕೂದಲೆಳೆಯಷ್ಟು ಸರಿದರೂ ಸಣ್ಣ ಅಕ್ಷರದ ಅಂಚಿನಲ್ಲಿ ಕೆಂಪು-ನೀಲಿ ನೆರಳು ಕಾಣುತ್ತದೆ. ಬೆರೆಸಿಟ್ಟ ಒಂದೇ ಶಾಯಿಯಲ್ಲಿ, ಒಂದೇ ಪ್ಲೇಟಿನಿಂದ ಅಚ್ಚು ಹಾಕಿಸಿ. ಗಾಢ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಡುವಾಗ ಸುತ್ತಲಿನ ಶಾಯಿ ಒಳಕ್ಕೆ ಹರಿದು ಗೆರೆಯನ್ನು ನುಂಗುವುದರಿಂದ ಒಂದು ತೂಕ ಹೆಚ್ಚಿನದನ್ನೇ ಆರಿಸಿ.

ಪುಸ್ತಕದ ಲೆಕ್ಕ ಬೇರೆ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೋ ಎಂಬ ಲೇಪನವಿಲ್ಲದ ಕಾಗದದ, ಡೆಮಿ 1/8 ಆಕಾರದ ಪುಸ್ತಕದಲ್ಲಿ ಶಾಯಿ ತುಸು ಹೀರಿಕೊಂಡು ಹರಡುತ್ತದೆ. ನಡುನಡುವೆ ಇಂಗ್ಲಿಷ್ ಉಲ್ಲೇಖಗಳು, ಅಡಿಟಿಪ್ಪಣಿಗಳು ಬರುವ ಸಂಶೋಧನ ಗ್ರಂಥವಾದರೆ ಕಾರ್ಮೊರೆಂಟನ್ನು ಒಳಪುಟಗಳಿಂದ ದೂರವಿಡಿ. ಅದೇ ವಂಶದ ಇಬಿ ಗ್ಯಾರಮಾಂಡ್ ಓದಿನ ಅಳತೆಗೆಂದೇ ಇದೆ. ಜಾರ್ಜ್ ಡುಫ್ನರ್ 1592ರ ಒಂದು ಮಾದರಿ ಹಾಳೆಯನ್ನು ಆಧರಿಸಿ ರೂಪಿಸಿದ ಈ ಫಾಂಟೂ ಉಚಿತ. ಕಾರ್ಮೊರೆಂಟ್ ಶೀರ್ಷಿಕೆ ಪುಟದಲ್ಲಿಯೂ ರಕ್ಷಾಪುಟದಲ್ಲಿಯೂ ಇರಲಿ.

ಅಂಗಡಿಯ ಫಲಕಕ್ಕೆ ತೆಳು ಸೆರಿಫ್ ಬೇಡವೆಂದೇ ನನ್ನ ಸಲಹೆ. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲಿ ಬೈಕಿನ ಮೇಲೆ ಹೋಗುವವರು ಕಣ್ಣೆತ್ತಿ ನೋಡುವುದು ಒಂದು ಕ್ಷಣ ಮಾತ್ರ. ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರದ ಅಕ್ಷರ ಎಂಬುದು ಫಲಕದವರ ಸ್ಥೂಲ ಲೆಕ್ಕವಾದರೂ ಅದು ದಪ್ಪ ಅಕ್ಷರಗಳ ಮಾತು. ಮೇಲೆ ಹೇಳಿದ 20 ಭಾಗದ ಲೆಕ್ಕದಲ್ಲಿ ಒಂದು ಅಡಿ ಎತ್ತರದ ದೊಡ್ಡಕ್ಷರದಲ್ಲಿಯೂ ತೆಳುಗೆರೆ ಒಂದು ಸೆಂಟಿಮೀಟರಿನಷ್ಟೇ ಆಗುತ್ತದೆ. ಅಕ್ರಿಲಿಕ್ ಅಕ್ಷರದೊಳಗೆ ಎಲ್‌ಇಡಿ ಕೂರಿಸಬೇಕಾದರೆ ಆ ಸೆಂಟಿಮೀಟರಿನಲ್ಲಿ ಜಾಗವೇ ಇರುವುದಿಲ್ಲ. ಜೊತೆಗೆ 2024ರ ತಿದ್ದುಪಡಿಯ ಪ್ರಕಾರ ರಾಜ್ಯದ ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡವಿರಬೇಕು, ಅದು ಫಲಕದ ಮೇಲ್ಭಾಗದಲ್ಲಿರಬೇಕು. ಹಾಗಾಗಿ ಫಲಕದ ಚಹರೆಯನ್ನು ನಿರ್ಧರಿಸುವುದು ಕನ್ನಡದ ಅಕ್ಷರವೇ. ಸೆರಿಫ್‌ನ ಗತ್ತು ಬೇಕೇ ಬೇಕೆಂಬ ಬಟ್ಟೆಯಂಗಡಿಯವರು, ಬಂಗಾರದಂಗಡಿಯವರು ಒಳಗಿನ ಗೋಡೆಯ ಮೇಲೆ, ಕೈಚೀಲದ ಮೇಲೆ, ಬಿಲ್ಲಿನ ತಲೆಯ ಮೇಲೆ ಅದನ್ನು ಧಾರಾಳವಾಗಿ ಬಳಸಲಿ.

ಹಂತ 7: ಕಡತ ಮತ್ತು ಪ್ರೂಫ್

ನಮ್ಮ ಕಡೆಯ ಅನೇಕ ಅಂಗಡಿಗಳಲ್ಲಿ ಈಗಲೂ ಪುಟವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿ ಹಳೆಯ ನುಡಿ ಫಾಂಟಿನಿಂದಲೇ ಕೆಲಸ ನಡೆಯುತ್ತದೆ. ಆ ಕಡತದಲ್ಲಿರುವುದು ಯೂನಿಕೋಡ್ ಅಲ್ಲವಾದ್ದರಿಂದ ಅಲ್ಲಿಯ ಪಠ್ಯಕ್ಕೆ ಟೀರೋ ಅಥವಾ ನೋಟೋ ಹಾಕಿದರೆ ಗೋಜಲು ಅಕ್ಷರಗಳು ಬರುತ್ತವೆ. ಪಠ್ಯವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ಬರುವ ಪದಗಳನ್ನೂ ಒತ್ತಕ್ಷರಗಳನ್ನೂ ಒಂದೊಂದಾಗಿ ಓದಿ ನೋಡಿ. ಪರಿವರ್ತನೆಯಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಅಲ್ಲಿಯೇ. ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಹಿಡಿಸುವುದಿಲ್ಲ. ಅದರ ನಂತರದ ತಂತ್ರಾಂಶವಾದ ಇನ್‌ಡಿಸೈನಿನಲ್ಲಿ, ಭಾರತೀಯ ಲಿಪಿಗಳನ್ನೂ ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರನ್ನು ಆರಿಸಿಕೊಂಡರೆ ಒತ್ತುಗಳು ಸರಿಯಾಗಿ ಕೂರುತ್ತವೆ, ಇಲ್ಲವಾದರೆ ಚದುರುತ್ತವೆ.

ಮುದ್ರಣಾಲಯಕ್ಕೆ ಕಳಿಸುವಾಗ ಫಾಂಟ್ ಒಳಸೇರಿಸಿದ ಪಿಡಿಎಫ್ ಕೊಡಿ. ಕರ್ವ್ ಮಾಡಿಯೇ ಕೊಡಬೇಕೆಂದು ಕೇಳಿದರೆ, ಮನೆಯ ಹಿರಿಯರು ಹೆಸರುಗಳನ್ನೆಲ್ಲ ಓದಿ ಒಪ್ಪಿ ಸಹಿ ಹಾಕಿದ ಬಳಿಕವೇ ಮಾಡಿ. ಕರ್ವ್ ಆದ ಅಕ್ಷರವನ್ನು ತಿದ್ದಲಾಗುವುದಿಲ್ಲ. ತಿದ್ದಬಹುದಾದ ಒಂದು ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳಿ. ಇಲ್ಲಿ ಹೇಳಿದ ಕಾರ್ಮೊರೆಂಟ್, ಇಬಿ ಗ್ಯಾರಮಾಂಡ್, ಟೀರೋ, ನೋಟೋ ನಾಲ್ಕೂ ಮುಕ್ತ ಫಾಂಟ್ ಪರವಾನಗಿಯಲ್ಲಿರುವುದರಿಂದ ಮಾರಾಟದ ಪುಸ್ತಕಕ್ಕೂ ವ್ಯಾಪಾರದ ಕೆಲಸಕ್ಕೂ ಹಣ ಕೊಡದೆ ಬಳಸಬಹುದು. ಫಾಂಟನ್ನೇ ಪ್ರತ್ಯೇಕವಾಗಿ ಮಾರುವಂತಿಲ್ಲ, ಅಷ್ಟೆ.

ಯಂತ್ರ ಆರಂಭವಾದಾಗ ಸಾಧ್ಯವಾದರೆ ಅಲ್ಲಿಯೇ ಇರಿ. ಶಾಯಿ ಹದಕ್ಕೆ ಬಂದ ಮೇಲೆ ಒಂದು ಹಾಳೆ ತೆಗೆಸಿ, ಭೂತಗನ್ನಡಿಯಲ್ಲಿ ‘ದ್ಧಾ’ದ ಸೀಳನ್ನೂ ಇಂಗ್ಲಿಷ್ ‘ಇ’ಯ ಅಡ್ಡಗೆರೆಯನ್ನೂ ನೋಡಿ. ಸೀಳು ಮುಚ್ಚಿದ್ದರೆ ಶಾಯಿ ಹೆಚ್ಚಾಗಿದೆ, ಗೆರೆ ತುಂಡಾಗಿದ್ದರೆ ಶಾಯಿಯೋ ಒತ್ತಡವೋ ಕಡಿಮೆಯಾಗಿದೆ. ಎರಡನ್ನೂ ಮಷಿನ್ ನಡೆಸುವವರಿಗೆ ತೋರಿಸಿದರೆ ಅವರು ಸರಿಮಾಡಿಕೊಡುತ್ತಾರೆ. ಒಪ್ಪಿಗೆಯಾದ ಹಾಳೆಯ ಹಿಂದೆ ಫಾಂಟಿನ ಹೆಸರು, ತೂಕ, ಪಾಯಿಂಟ್, ಸಾಲಿನ ಅಂತರ, ಕಾಗದದ ಜಿಎಸ್‌ಎಂ ಬರೆದು ಕಡತದ ಜೊತೆಗಿಟ್ಟರೆ, ಮರುಮುದ್ರಣ ಬೇರೆ ಮುದ್ರಣಾಲಯದಲ್ಲಿ ನಡೆದರೂ ಹೊಸದಾಗಿ ಪರೀಕ್ಷಿಸುವ ಕೆಲಸ ಬಹುಮಟ್ಟಿಗೆ ಉಳಿಯುತ್ತದೆ.